ಚೌಕಾ ಹಚ್ಚಿದ ಮನೆ

ಮಿರಜದ ಹತ್ತಿರದ ಮಾಲಗಾಂವದ ನಮ್ಮ ಮನೆಯಲ್ಲಿ ಬಾವಿಯಿಂದ ನೀರು ಸೇದಿದರೆ ಕೆಲಸ ಅರ್ಧ ಮಾತ್ರ ಆದ ಹಾಗೆ. ಕೊಡದ ಬಾಯಿಗೆ ಎರಡು ಪದರಿನ ಬಿಳಿ ಬಟ್ಟೆ ಕಟ್ಟಿ ಅವ್ವ ನೀರು ಸೋಸುತ್ತಿದ್ದಳು. ಸೋಸಿದ ಮೇಲೆ ಆ ಬಟ್ಟೆಯನ್ನು ಎಲ್ಲೆಂದರಲ್ಲಿ ಹಿಂಡುವಂತಿಲ್ಲ. ಅದರ ಮೇಲೆ ಸೋಸಿದ ನೀರನ್ನೇ ಹನಿಸಿ, ಬಟ್ಟೆಗೆ ಅಂಟಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನೆಲ್ಲ ಒಂದು ಚಿಕ್ಕ ಬಕೆಟ್ಟಿಗೆ ಇಳಿಸಿ, ಆ ಬಕೆಟ್ಟನ್ನು ಹಗ್ಗದಲ್ಲಿ ನಿಧಾನವಾಗಿ ಬಾವಿಗೆ ಬಿಟ್ಟು, ನೀರಿಗೆ ಮುಟ್ಟಿದ ಮೇಲೆಯೇ ಬಗ್ಗಿಸಬೇಕು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಬೇರೆ ಬಾವಿಗೆ ಬಿಟ್ಟರೆ ಬದುಕುವುದಿಲ್ಲ, ಯಾವ ನೀರಿನ ಜೀವವೋ ಆ ನೀರಿಗೇ ಹೋಗಬೇಕು. ಜೈನರ ಮನೆಗಳಲ್ಲಿ ಇದು ಹೊಸದೇನಲ್ಲ, ಆದರೆ ನಮ್ಮ ಮನೆಯಲ್ಲಿ ಅಪ್ಪಾ ಇದನ್ನು ಬಹಳ ಬಿಗಿಯಾಗಿ ಪಾಲಿಸುತ್ತಿದ್ದರು. ಅವ್ವ ಒಂದಿಷ್ಟು ಅವಸರ ಮಾಡಿದರೂ ಪಡಸಾಲೆಯಲ್ಲಿ ಕೂತ ಅಪ್ಪನಿಗೆ ಹಗ್ಗ ಇಳಿಯುವ ಸದ್ದಿನಿಂದಲೇ ತಿಳಿಯುತ್ತಿತ್ತು, ಅಲ್ಲಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಅವ್ವ ಹಗ್ಗವನ್ನು ಇನ್ನೂ ನಿಧಾನ ಬಿಡುತ್ತ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು.

ಊರ ಹೊರಗೆ ನಮ್ಮ ಎಲೆತೋಟ. ಅಪ್ಪಾ ಮತ್ತು ಅವರ ತಮ್ಮ, ನಮ್ಮ ಕಾಕಾ, ಬೆಳಗಿನಿಂದ ವೀಳ್ಯದೆಲೆಯ ಬಳ್ಳಿಗಳ ನೆರಳಿನಲ್ಲೇ ಇರುತ್ತಿದ್ದರು. ಸಂಜೆ ಅವರು ಮನೆಗೆ ಬರುವುದಕ್ಕೂ ಹೊತ್ತು ಮುಳುಗುವುದಕ್ಕೂ ಯಾವಾಗಲೂ ಪೈಪೋಟಿ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಅಪ್ಪಾ ಅಂಗಳದಲ್ಲಿ ಕೈಕಾಲು ತೊಳೆಯುತ್ತ ಪಶ್ಚಿಮಕ್ಕೆ ನೋಡಿ, ಇನ್ನೂ ಎರಡು ಭಕ್ಕರಿ ತಿನ್ನುವಷ್ಟು ಹೊತ್ತು ಉಳಿದಿದೆ ಎಂದು ಅಡುಗೆಮನೆಗೆ ಕೂಗುತ್ತಿದ್ದರು. ಅವ್ವ ಬಿಸಿ ಜೋಳದ ಭಕ್ಕರಿಯನ್ನು ತಾಟಿಗೆ ಹಾಕುತ್ತ, ನಿಮ್ಮ ಎರಡು ಭಕ್ಕರಿ ನನ್ನ ನಾಲ್ಕಕ್ಕೆ ಸಮ ಎಂದು ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಯಾವುದೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಪಕ್ಕದ ಮನೆಯಿಂದ ಉಳ್ಳಾಗಡ್ಡಿ ಹುರಿಯುವ ವಾಸನೆ ಬಂದರೆ ಅಪ್ಪಾ ಮೂಗು ಮುಚ್ಚಿಕೊಳ್ಳುವಂತೆ ನಟಿಸಿ, ಬೆರಳಿನ ಸಂದಿಯಿಂದ ಎಳೆದೆಳೆದು ಮೂಸುತ್ತಿದ್ದರು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಅವಳು ಇದನ್ನು ಕಂಡು ಹಣೆ ಬಡಿದುಕೊಳ್ಳುತ್ತಿದ್ದಳು. ಹೊಸ್ತಿಲ ಒಳಗೆ ನಮ್ಮದೆಲ್ಲ ಕನ್ನಡ, ಹೊರಗೆ ಕಾಲಿಟ್ಟರೆ ಮರಾಠಿ. ಅಪ್ಪಾ ಮಾತ್ರ ನಗಿಸುವುದನ್ನು ಎರಡರಲ್ಲೂ ಬಲ್ಲವರಾಗಿದ್ದರು. ನನಗೆ ಈಗಲೂ ಅವರ ಮೇಲೆ ಸಿಟ್ಟು ಬಂದಾಗ ಮೊದಲು ನೆನಪಾಗುವುದು ಆ ಬೆರಳಿನ ಸಂದಿ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಮುನಿಗಳ ಸಂಘ ಊರಿಗೆ ಬಂದರೆ ಮನೆಯ ಗತ್ತೇ ಬೇರೆ. ಬಸದಿಯ ಪಕ್ಕದ ಸಭಾಮಂಟಪದಲ್ಲಿ ಅವರು ಇಳಿದುಕೊಳ್ಳುತ್ತಿದ್ದರು. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಎರಡು ಕೈ ಜೋಡಿಸಿದ ಬೊಗಸೆಯಲ್ಲೇ. ಅವರಿಗಾಗಿ ಮಡಿಯಲ್ಲಿ ಅಡುಗೆ ಮಾಡಿ, ಜಾಗ ಶುದ್ಧ ಮಾಡಿ ಕಾಯುವುದಕ್ಕೆ ಚೌಕಾ ಹಚ್ಚುವುದು ಅನ್ನುತ್ತಾರೆ. ಬೆಳಿಗ್ಗೆ ಮುನಿಗಳು ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ಕಟ್ಟಳೆ ಹಾಕಿಕೊಳ್ಳುತ್ತಾರೆ, ಅದನ್ನು ಯಾರಿಗೂ ಹೇಳುವುದಿಲ್ಲ. ತೆಂಗಿನಕಾಯಿ ಹಿಡಿದು ನಿಂತ ಗಂಡಹೆಂಡತಿ ಕಂಡರೆ ಮಾತ್ರ ನಿಲ್ಲುತ್ತೇನೆ ಎಂದೋ, ತುಂಬಿದ ಕಲಶ ಹಿಡಿದ ಮುದುಕಿ ಕಂಡರೆ ಮಾತ್ರ ಎಂದೋ, ಹೀಗೆ. ಆ ಕಟ್ಟಳೆ ಕೂಡಿಬಂದ ಮನೆಯ ಮುಂದೆ ನಿಲ್ಲುತ್ತಾರೆ, ಎಲ್ಲಿಯೂ ಕೂಡಿಬರದಿದ್ದರೆ ಆ ದಿನ ಉಪವಾಸ. ಹಾಗಾಗಿ ಓಣಿಯ ಎರಡೂ ಬದಿಗೆ ಜನ ಕಾಯಿ, ಕಲಶ, ಮಾವಿನಹಣ್ಣು, ನಿಂಬೆಹಣ್ಣು, ಹೂವು ಹಿಡಿದು ನಿಂತು, "ನಮೋಸ್ತು ಸ್ವಾಮಿ, ಅತ್ರ ತಿಷ್ಠ ತಿಷ್ಠ" ಎಂದು ಕರೆಯುತ್ತಿದ್ದರು. ಇಲ್ಲಿ ನಿಲ್ಲಿ, ಇಲ್ಲಿ ನಿಲ್ಲಿ ಎಂದು. ನನ್ನಂಥ ಮಕ್ಕಳಿಗೆ ಇದು ಒಗಟು ಬಿಡಿಸುವ ಆಟ. ಅಪ್ಪಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಇವತ್ತು ಮಹಾರಾಜರ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ ಅನ್ನುತ್ತಿದ್ದರು. ಮುನಿಗಳನ್ನು ನಮ್ಮಲ್ಲಿ ಮಹಾರಾಜರು ಅನ್ನುತ್ತಾರೆ. ನಮ್ಮ ಮನೆಯ ಮುಂದೆ ಮುನಿಗಳು ನಿಂತ ದಿನ ಅಪ್ಪನ ಮುಖ ನೋಡಬೇಕಿತ್ತು. ಅವ್ವ ಅದನ್ನು ನೋಡಿ ಹಿಗ್ಗುತ್ತಿದ್ದಳು. ಎಲ್ಲರ ಗಂಡಂದಿರೂ ಇಷ್ಟು ಧರ್ಮಿಷ್ಠರಾಗಿರುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ನಾನು ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪನ ಹೊಟ್ಟೆನೋವು ಶುರುವಾಯಿತು. ಮೊದಲು ಓಮಕಾಳು, ಬಿಸಿನೀರು, ಆಮೇಲೆ ಊರಿನ ಡಾಕ್ಟರು, ಕೊನೆಗೆ ಮಿರಜದ ದೊಡ್ಡ ದವಾಖಾನೆ. ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದು ತೆಗೆಯಬೇಕು, ಉಳಿಯುತ್ತಾರೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು. ಅವ್ವ ಅದೇ ದಿನ ಉಪ್ಪು ಬಿಟ್ಟಳು. ನಮ್ಮಲ್ಲಿ ಹರಕೆ ಅಂದರೆ ದೇವರಿಗೆ ಏನಾದರೂ ಕೊಡುವುದಕ್ಕಿಂತ ನಾವು ಏನಾದರೂ ಬಿಡುವುದೇ ಹೆಚ್ಚು. ಗಂಡ ನಡೆದುಕೊಂಡು ಮನೆಗೆ ಬರುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ಬಸದಿಯ ಪದ್ಮಾವತಿ ದೇವಿಯ ಮುಂದೆ ನೇಮ ಮಾಡಿದಳು. ಬಸದಿಯಲ್ಲಿ ಶಾಸ್ತ್ರ ಹೇಳುವ ಪಂಡಿತರು, ಜಿನದೇವರು ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರಿಂದಲೂ ಏನನ್ನೂ ಕಸಿಯುವುದಿಲ್ಲ, ಎಲ್ಲ ಅವರವರ ಕರ್ಮ ಎಂದು ಪ್ರತಿ ವರ್ಷ ಹೇಳುತ್ತಿದ್ದರು, ಅವ್ವ ಪ್ರತಿ ವರ್ಷ ತಲೆಯಾಡಿಸಿ ಕೇಳುತ್ತಿದ್ದಳು. ಆದರೆ ಹೆಂಡತಿಯಾದವಳು ಗಂಡನನ್ನು ಆಪರೇಷನ್ ಕೋಣೆಯೊಳಗೆ ಕಳಿಸಿ ಹೊರಗೆ ಕೂತಾಗ ಕರ್ಮದ ಜೊತೆ ಹೇಗೆ ಮಾತಾಡುತ್ತಾಳೆ? ಅವಳಿಗೆ ಕೇಳಿಸಿಕೊಳ್ಳುವ ದೇವರು ಬೇಕಿತ್ತು. ದವಾಖಾನೆಯ ಗಿಡದ ಕೆಳಗೆ ಉಪ್ಪಿಲ್ಲದ ಅನ್ನವನ್ನು ಮೊಸರಿನಲ್ಲಿ ಕಲಸಿ ನುಂಗುತ್ತ, ದೇವರಿದ್ದಾನೆ, ದೇವರಿದ್ದಾನೆ ಎಂದು ನನಗೂ ಹೇಳಿದಳು, ತನಗೂ ಹೇಳಿಕೊಂಡಳು. ನಾನು ನಂಬಿದೆ.

ಅಪ್ಪಾ ಉಳಿದರು. ಮನೆಗೆ ಹೊರಟ ದಿನ ಅವರನ್ನು ಟಾಂಗಾದಲ್ಲಿ ಮಿರಜ ಸ್ಟ್ಯಾಂಡಿನವರೆಗೆ ಕರೆದುಕೊಂಡು ಬಂದೆವು. ಅವ್ವ ಸೆರಗಿನ ತುದಿಯಿಂದ ಅವರ ತಲೆಗೆ ಬಿಸಿಲು ಬಡಿಯದಂತೆ ಮರೆ ಹಿಡಿದಿದ್ದಳು. ಅವರು ಬಹಳ ಇಳಿದುಹೋಗಿದ್ದರು, ದನಿಯೂ ಸಣ್ಣಗಾಗಿತ್ತು. ದವಾಖಾನೆಯಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ಅವ್ವ ಆ ಟಾಂಗಾದಲ್ಲಿ ಅಳತೊಡಗಿದಳು. ಅಪ್ಪಾ ಅವಳ ಮೊಣಕಾಲಿನ ಮೇಲೆ ಕೈ ಇಟ್ಟರು. ನನ್ನೆದುರು ಅವರು ಅವಳನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಾಕ ಅಳ್ತಿ? ನಾ ಇದ್ದೇನಲ್ಲ. ಇನ್ನ ನಿನ್ನ ಬಿಟ್ಟ ಎಲ್ಲಿ ಹೋಗ್ತೇನಿ?"

ನಾನು ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕುದುರೆಯ ಗೊರಸಿನ ಸದ್ದಿತ್ತು, ಹೊರಗೆ ಯಾರೋ ಬಾಳೆಹಣ್ಣು ಮಾರುತ್ತ ಕೂಗುತ್ತಿದ್ದರು, ಆದರೂ ಸ್ಪಷ್ಟವಾಗಿ ಕೇಳಿದ್ದೇನೆ. ಆ ದಿನ ಸಂಜೆ ಅವ್ವ ಬೇಳೆಗೆ ಉಪ್ಪು ಹಾಕಿ, ಎಷ್ಟೋ ದಿನದ ಮೇಲೆ ಬಾಯಿ ರುಚಿಯಾಯಿತು ಎಂದು ಎರಡು ಸಲ ಹಾಕಿಸಿಕೊಂಡು ಉಂಡಳು. ಆಯಿ ಬಸದಿಗೆ ಹೋಗಿ ದೀಪ ಹಚ್ಚಿ ಬಂದಳು. ಮನೆಯಲ್ಲಿ ಹಬ್ಬದ ಹಾಗಿತ್ತು.

ಮುಂದಿನ ಮಳೆಗಾಲ ಮುಗಿದು ತೋಟದಲ್ಲಿ ಹೊಸ ಬಳ್ಳಿ ಕಟ್ಟುವ ಕೆಲಸ ನಡೆದಿದ್ದಾಗ ಅಪ್ಪಾ ಒಂದು ದಿನ ಊಟಕ್ಕೆ ಕೂತಲ್ಲೇ ವಿಷಯ ತೆಗೆದರು. ತಾನು ದೀಕ್ಷೆ ತೆಗೆದುಕೊಳ್ಳಬೇಕೆಂದಿದ್ದೇನೆ, ಮನೆ ಬಿಟ್ಟು ಸಂಘದ ಜೊತೆ ಹೋಗುತ್ತೇನೆ ಎಂದರು. ಆಪರೇಷನ್ನಿಗೆ ಒಳಗೆ ಒಯ್ಯುವ ಮೊದಲು, ಬದುಕಿ ಬಂದರೆ ಈ ದೇಹವನ್ನು ಧರ್ಮಕ್ಕೇ ಕೊಡುತ್ತೇನೆ ಎಂದು ಮನಸ್ಸಿನಲ್ಲಿ ನೇಮ ಮಾಡಿದ್ದರಂತೆ. ಕಾಕಾ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ. ಆಯಿ ಅತ್ತಳು, ಅಳುತ್ತಲೇ ಕೈ ಮುಗಿದಳು. ಅವ್ವ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದಳು. ಒಳಗೆ ಒಯ್ಯುವ ಮೊದಲೋ, ಹೊರಗೆ ಬಂದ ಮೇಲೋ ಎಂದು. ಮೊದಲೇ ಎಂದರು ಅಪ್ಪಾ. ಹಾಗಾದರೆ ಟಾಂಗಾದಲ್ಲಿ ಕೂತಾಗ ಗೊತ್ತಿತ್ತು ಎಂದಳು. ಅಪ್ಪಾ ತಲೆ ತಗ್ಗಿಸಿ ಉಂಡರು. ನನಗೆ ಆಗ ದೀಕ್ಷೆ ಅಂದರೆ ಮೆರವಣಿಗೆ, ವಾಜಂತ್ರಿ, ಜನ ಎಂದಷ್ಟೇ ಗೊತ್ತಿತ್ತು. ಅವ್ವನ ಪ್ರಶ್ನೆ ಯಾಕೆ ಅಷ್ಟು ದೊಡ್ಡದು ಎಂದು ಅರ್ಥವಾಗಲು ವರ್ಷಗಳೇ ಬೇಕಾದವು. ಒಂದೇ ಗಂಡಸಿಗಾಗಿ ಗಂಡಹೆಂಡತಿ ಇಬ್ಬರೂ ನೇಮ ಮಾಡಿದ್ದರು. ಇವಳು ಅವನು ಮನೆಗೆ ಬರಲಿ ಎಂದು, ಅವನು ಮನೆ ಬಿಡುತ್ತೇನೆ ಎಂದು. ದೇವರು ಯಾರ ಮಾತು ಕೇಳಿಸಿಕೊಂಡ ಎಂದು ಕೇಳಿದರೆ ಇಬ್ಬರದೂ ಎಂದೇ ಹೇಳಬೇಕು, ನನಗೆ ಸಿಟ್ಟು ಬರುವುದು ಅಲ್ಲಿಯೇ.

ಆಮೇಲೆ ಮನೆಯಲ್ಲಿ ನಡೆದ ಜಗಳಕ್ಕೆ ದನಿ ಇರಲಿಲ್ಲ. ಅವ್ವ ಹೂಂ ಅನ್ನಲಿಲ್ಲ. ಮನೆಯವರ ಅನುಮತಿ ಇಲ್ಲದೆ ದೀಕ್ಷೆ ಕೊಡುವುದಿಲ್ಲ. ಅಪ್ಪಾ ಒತ್ತಾಯ ಮಾಡುವವರಲ್ಲ, ಮಾಡಲೂ ಇಲ್ಲ. ಅವರು ತುಪ್ಪ ಬಿಟ್ಟರು. ಆಮೇಲೆ ಬೆಲ್ಲ ಬಿಟ್ಟರು, ಹಾಲು ಬಿಟ್ಟರು. ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು. ದವಾಖಾನೆಯಿಂದ ಬಂದ ಮೈ ಇನ್ನೂ ಕೂಡಿಕೊಂಡಿರಲಿಲ್ಲ, ಅದು ದಿನದಿನಕ್ಕೆ ಸೊರಗುವುದನ್ನು ಅವ್ವ ತಾಟಿನ ಮುಂದೆ ಕೂತು ನೋಡಬೇಕಾಗಿತ್ತು. ಊರಿನ ಹೆಂಗಸರು ಬಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡತೊಡಗಿದರು. ನೀನು ಪುಣ್ಯವಂತೆ, ನಿನ್ನ ಮನೆಯಿಂದ ಒಬ್ಬ ಮಹಾರಾಜರು ಆಗುತ್ತಾರೆ ಅನ್ನುತ್ತಿದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಕಾಲು ಮುಟ್ಟುವವರ ಜೊತೆ ಹೇಗೆ ಜಗಳವಾಡುವುದು? ಒಂದು ದಿನ ಅವ್ವ ಬಾವಿಯ ಹತ್ತಿರ ಆ ಚಿಕ್ಕ ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅಪ್ಪಾ ಪಡಸಾಲೆಯಿಂದ ಕೆಮ್ಮಲಿಲ್ಲ. ಹುಳವನ್ನು ಅದರದೇ ನೀರಿಗೆ ಬಿಡಬೇಕು ಎಂದು ಜೀವ ತಿಂದ ಮನುಷ್ಯ, ನಮ್ಮಿಬ್ಬರನ್ನು ಎಲ್ಲಿಗೆ ಸುರಿಯುತ್ತಿದ್ದೇನೆ ಎಂದು ನೋಡಲಿಲ್ಲ. ಇದು ನನ್ನ ಮಾತು, ಅವ್ವನದಲ್ಲ. ಅವಳು ಯಾವತ್ತೂ ಹೀಗೆ ಹೇಳಿದವಳಲ್ಲ.

ಅವ್ವ ಹೂಂ ಅನ್ನದಿದ್ದರೂ ಊರಿನವರು ದಿನ ಗೊತ್ತುಮಾಡಿದರು. ದೀಕ್ಷೆಯ ದಿನ ಮೈದಾನದಲ್ಲಿ ದೊಡ್ಡ ಮಂಟಪ ಹಾಕಿದ್ದರು. ಸಾಂಗಲಿ, ಕೊಲ್ಲಾಪುರ, ಆ ಕಡೆ ಬೆಳಗಾವಿಯಿಂದಲೂ ಜನ ಬಂದಿದ್ದರು. ಅಪ್ಪನನ್ನು ಮದುಮಗನ ಹಾಗೆ ಸಿಂಗರಿಸಿ ಮೆರವಣಿಗೆ ಮಾಡಿಸಿದರು, ಅರಿಶಿನ ಹಚ್ಚಿದರು. ನನಗೆ ಹೊಸ ಫ್ರಾಕು ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ವೇದಿಕೆಯ ಮೇಲೆ ಆಚಾರ್ಯರು ಅವ್ವನನ್ನು ಕರೆಸಿ, ಎಲ್ಲರಿಗೂ ಕೇಳುವಂತೆ ಮೈಕಿನಲ್ಲಿ ಮರಾಠಿಯಲ್ಲಿ ಕೇಳಿದರು.

"ಬಾಯಿ, ತುಮಚೀ ಅನುಮತಿ ಆಹೇ ಕಾ?"

ನಿಮ್ಮ ಅನುಮತಿ ಇದೆಯೇ ಎಂದು. ಯಾರೋ ಮೈಕನ್ನು ಅವ್ವನ ಬಾಯಿಯ ಹತ್ತಿರ ಹಿಡಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪಾ ಕೈ ಮುಗಿದುಕೊಂಡು ನಿಂತಿದ್ದರು, ಕೊರಳಿನ ಎಲುಬು ಹಾರದ ಮೇಲೂ ಎದ್ದು ಕಾಣುತ್ತಿತ್ತು. ಅವ್ವ "ಹೂಂ" ಎಂದಳು. ಆ ಹೂಂ ನಾಲ್ಕು ಕಡೆಯ ಧ್ವನಿವರ್ಧಕದ ಕರ್ಣೆಗಳಿಂದ ಒಂದರ ಹಿಂದೊಂದು ಕೇಳಿಸಿತು, ಜನ ಜಯಘೋಷ ಮಾಡಿದರು. ಆಮೇಲೆ ಅಪ್ಪಾ ಕೂತು ತಮ್ಮ ತಲೆಯ ಕೂದಲನ್ನು ಕೈಯಿಂದಲೇ ಕಿತ್ತುಕೊಂಡರು, ಮೈಮೇಲಿನದನ್ನೆಲ್ಲ ತೆಗೆದಿಟ್ಟರು. ಅವರಿಗೆ ನವಿಲುಗರಿಯ ಪಿಂಛಿ ಮತ್ತು ಕಮಂಡಲು ಕೊಟ್ಟರು, ಹೊಸ ಹೆಸರು ಕೊಟ್ಟರು. ನಾನು ಆ ಹೊಸ ಹೆಸರನ್ನು ಎಲ್ಲರ ಜೊತೆ ಕೂಗಿದೆ. ಕೂಗಿದ ಮೇಲೆ ಅವ್ವನ ಮುಖ ನೋಡಿದೆ. ಅವಳು ಕೂಗಿರಲಿಲ್ಲ.

ಮನೆಗೆ ಬಂದ ಮೇಲೆ ಹೊಸದೊಂದು ತಕರಾರು ಶುರುವಾಯಿತು. ಅವ್ವ ಇನ್ನು ಮುಂದೆ ಕುಂಕುಮ ಇಡಬೇಕೋ ಬೇಡವೋ. ಗಂಡ ಜೀವಂತ ಇದ್ದಾನೆ, ಇಡಬೇಕು ಎಂದು ಕೆಲವರು. ಆ ಗೃಹಸ್ಥ ಸತ್ತ ಹಾಗೇ, ಈಗ ಇರುವವರು ಬೇರೆ, ಇಡಬಾರದು ಎಂದು ಕೆಲವರು. ಅರಿಶಿನ ಕುಂಕುಮಕ್ಕೆ ಕರೆದವರು ಅವಳ ಹಣೆಯ ಹತ್ತಿರ ಬೆರಳು ತಂದು ಅಲ್ಲೇ ತಡೆದು, ಪಕ್ಕದವಳ ಮುಖ ನೋಡುತ್ತಿದ್ದರು. ಕೆಲವು ಸಲ ಹೀಗಾದ ಮೇಲೆ ಅವಳು ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಮಾತ್ರ ದಿನಾ ಮಿಂದು ತನ್ನ ಕೈಯಾರೆ ಕುಂಕುಮ ಇಟ್ಟುಕೊಂಡಳು, ಯಾರನ್ನೂ ಕೇಳಲಿಲ್ಲ. ತೋಟ ಕಾಕಾನ ಕೈಗೆ ಬಂತು. ಅವನು ಒಳ್ಳೆಯವನೇ, ನಮಗೆ ಉಣ್ಣಲು ಉಡಲು ಕಡಿಮೆ ಮಾಡಲಿಲ್ಲ. ಆದರೆ ಮನೆಯಲ್ಲಿ ಹೊತ್ತು ಎಷ್ಟು ಭಕ್ಕರಿ ಉಳಿದಿದೆ ಎಂದು ಹೇಳುವವರು ಇರಲಿಲ್ಲ. ಶಾಲೆಯಲ್ಲಿ ಮಾಸ್ತರರು ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ ನಾನು ಉತ್ತರಕ್ಕಾಗಿ ತಡಕಾಡುತ್ತಿದ್ದೆ. ಸತ್ತಿದ್ದಾರೆ ಅನ್ನುವಂತಿಲ್ಲ, ಇದ್ದಾರೆ ಅನ್ನುವಂತಿಲ್ಲ, ಬಿಟ್ಟುಹೋಗಿದ್ದಾರೆ ಎಂದರೆ ಪಾಪ. ದಿನಾ ಬೆಳಿಗ್ಗೆ ಅವ್ವ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ನನ್ನ ಕೈ ಹಿಡಿದು ಬಸದಿಗೆ ಹೋಗುತ್ತಿದ್ದಳು. ನನಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ ದೇವರ ಮುಂದೆ ಹೋಗಿ ಮತ್ತೆ ಅಕ್ಕಿ ಹಾಕುವುದೆಂದರೆ ಏನು?

ನಾನು ಐದನೇ ಇಯತ್ತೆಗೆ ಬಂದ ವರ್ಷ ಸಂಘ ಮತ್ತೆ ಮಾಲಗಾಂವಕ್ಕೆ ಬಂತು. ಅದರಲ್ಲಿ ಅಪ್ಪಾ ಇದ್ದರು. ಊರಿಗೆ ಊರೇ ಕುಣಿಯಿತು, ನಮ್ಮೂರಿನ ಮಗ ಮಹಾರಾಜರಾಗಿ ಬಂದಿದ್ದಾರೆ ಎಂದು. ಅವ್ವ ಚೌಕಾ ಹಚ್ಚುತ್ತೇನೆ ಎಂದಳು. ಆಯಿಗೂ ಕಾಕಾನಿಗೂ ಆದ ಸಂತೋಷ ಅಷ್ಟಿಷ್ಟಲ್ಲ, ಕೊನೆಗೂ ಅವಳ ಮನಸ್ಸು ತಿಳಿಯಾಯಿತು ಎಂದುಕೊಂಡರು. ಅವಳು ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದಳು. ಗೋಧಿಯನ್ನು ತಾನೇ ಆರಿಸಿ ತೊಳೆದು ಒಣಗಿಸಿ ಬೀಸಿದಳು. ಮೊದಲ ಕೆಲವು ದಿನ ಅವರು ನಮ್ಮ ಬಾಗಿಲು ದಾಟಿ ಹೋದರು. ನಾನು ಪ್ರತಿ ದಿನ ಅವ್ವನ ಕೈಗೆ ಬೇರೆ ಬೇರೆ ವಸ್ತು ಕೊಡುತ್ತಿದ್ದೆ. ಅಪ್ಪನ ಮನಸ್ಸಿನ ಕಟ್ಟಳೆ ಏನಿರಬಹುದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ನಿಂತರೆ, ನಮ್ಮ ಅಡುಗೆಮನೆಯಲ್ಲಿ ಉಂಡರೆ, ಒಂದು ಸಲವಾದರೂ ನನ್ನನ್ನು ನೋಡುತ್ತಾರೆ. ನನಗೆ ಬೇಕಾದದ್ದು ಅಷ್ಟೇ. ಕೊನೆಗೆ ಒಂದು ಬೆಳಿಗ್ಗೆ ಅವ್ವ ನಾನು ಕೊಟ್ಟದ್ದನ್ನೆಲ್ಲ ಬದಿಗಿಟ್ಟು ಬರಿಗೈಯಲ್ಲಿ ನಿಂತಳು, ಕೈ ಜೋಡಿಸಿಕೊಂಡು ಅಷ್ಟೇ. ಆ ದಿನ ಅವರು ನಿಂತರು.

ಅವ್ವ, ಆಯಿ, ಕಾಕಾ ಮೂವರೂ ಅವರಿಗೆ ಪ್ರದಕ್ಷಿಣೆ ಬಂದು ಒಳಗೆ ಕರೆದರು. ಅವರು ತಾವು ಹುಟ್ಟಿದ ಮನೆಯ ಹೊಸ್ತಿಲನ್ನು ಹೊಸ ಮನೆಯ ಹಾಗೆ ನೋಡಿ ದಾಟಿದರು. ಎತ್ತರದ ಮಣೆಯ ಮೇಲೆ ಕೂರಿಸಿ, ಅವ್ವ ನೀರು ಹಾಕಿದಳು, ಕಾಕಾ ಪಾದ ತೊಳೆದ. ಅಷ್ಟದ್ರವ್ಯದಿಂದ ಪೂಜೆ ಮಾಡಿದರು. ಇನ್ನು ಉಳಿದದ್ದು ಒಂದೇ. ಆಹಾರ ಕೊಡುವವರು ತಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಅನ್ನ ನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಮುನಿಗಳು ಎದ್ದು ನಿಂತು ಬೊಗಸೆ ಜೋಡಿಸುತ್ತಾರೆ. ಕಾಕಾ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆಯಿ ಬಿಕ್ಕುತ್ತ ಹೇಳಿದಳು. ಆಮೇಲೆ ಎಲ್ಲರೂ ಅವ್ವನ ಕಡೆ ನೋಡಿದರು. ಅವಳ ಕೈಯಲ್ಲಿ ಬಿಸಿನೀರಿನ ಲೋಟವಿತ್ತು, ಮೊದಲು ಕೊಡುವುದು ನೀರನ್ನೇ. ನಾನು ಬಾಗಿಲಲ್ಲಿ ನಿಂತಿದ್ದೆ.

"ವೈನಿ, ಹೇಳ್ರಿ," ಎಂದ ಕಾಕಾ ತನ್ನ ಅತ್ತಿಗೆಗೆ, ಮೆಲ್ಲಗೆ.

"ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ," ಎಂದಳು ಅವ್ವ. ಮೊದಲಿನದು ಬರಲಿಲ್ಲ.

ಕಾಕಾ ಅವಳು ಮರೆತಳೆಂದುಕೊಂಡು ನೆನಪಿಸಿದ. ಆಯಿ ಮೊಣಕೈಯಿಂದ ತಿವಿದಳು. ಮಣೆಯ ಮೇಲೆ ಕೂತವರು ಕಣ್ಣು ತಗ್ಗಿಸಿಕೊಂಡು ಕಾಯುತ್ತಿದ್ದರು. ಅವ್ವ ಲೋಟವನ್ನು ಕೆಳಗಿಟ್ಟು ಕೈ ಮುಗಿದಳು.

"ಮನಶುದ್ಧಿ ಇಲ್ರಿ ಮಹಾರಾಜ. ಅಡಿಗಿ ಮಾಡಿದಾಕಿ ನಾನ."

ಅವರು ಕೂತಲ್ಲಿಂದ ಎದ್ದರು, ಬೊಗಸೆ ಜೋಡಿಸಲಿಲ್ಲ. ಪಿಂಛಿ ಕಮಂಡಲು ತೆಗೆದುಕೊಂಡು ಬಾಗಿಲ ಕಡೆ ಬಂದರು. ನಾನು ದಾರಿಯಲ್ಲೇ ನಿಂತಿದ್ದೆ, ಸರಿಯಬೇಕೆಂದು ಹೊಳೆಯಲಿಲ್ಲ. ಅವರು ನನ್ನ ಮುಂದೆ ನಿಂತು ಬಲಗೈ ಎತ್ತಿ ಆಶೀರ್ವಾದ ಮಾಡಿದರು. ಓಣಿಯ ಎಲ್ಲ ಮಕ್ಕಳಿಗೂ ಮಾಡುತ್ತಿದ್ದ ಹಾಗೇ, ಅಷ್ಟೇ ಎತ್ತರಕ್ಕೆ ಕೈ ಎತ್ತಿ, ಅಷ್ಟೇ ಹೊತ್ತು. ಆಮೇಲೆ ನಡೆದುಹೋದರು. ಬೇರೆ ಮನೆಯ ಮುಂದೆ ಅವರು ಆ ದಿನ ನಿಲ್ಲಲಿಲ್ಲ, ನೀರೂ ಇಲ್ಲದೆ ಸಭಾಮಂಟಪಕ್ಕೆ ಮರಳಿದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಮಹಾರಾಜರನ್ನು ಉಪವಾಸ ಕಳಿಸಿದವಳು ಎಂದು ಕಾಲು ಮುಟ್ಟಿದ ಹೆಂಗಸರೇ ಬಾಯಿಗೆ ಸೆರಗು ಹಿಡಿದು ಮಾತಾಡಿದರು. ಕಾಕಾ ಜೀವನದಲ್ಲಿ ಮೊದಲ ಸಲ ಅವ್ವನಿಗೆ ಎದುರು ನಿಂತು ಕೂಗಾಡಿದ. ಅವಳು ಮಾಡಿದ ಅಡುಗೆ ಮುಚ್ಚಿದ ಪಾತ್ರೆಗಳಲ್ಲಿ ಹಾಗೇ ಕೂತಿತ್ತು. ನನಗೆ ಹಸಿವಾಗಿತ್ತು, ಅವ್ವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಒಂದು ಮಾತು, ಬರೀ ಒಂದು ಮಾತು ಹೇಳಿದ್ದರೆ ಅವರು ಉಣ್ಣುತ್ತಿದ್ದರು. ಉಣ್ಣುವಷ್ಟು ಹೊತ್ತು ನಮ್ಮ ಮನೆಯಲ್ಲಿ ಇರುತ್ತಿದ್ದರು.

ಇಳಿಹೊತ್ತಿಗೆ ಬಸದಿಯ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಬಂದಳು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದಳು. ಅದು ಬಾಯಿಮಾತು ಅಷ್ಟೇ, ಯಾರ ಮನಸ್ಸು ಯಾರು ಇಣುಕಿ ನೋಡಿದ್ದಾರೆ, ನಾಳೆ ಮತ್ತೆ ನಿಂತರೆ ಅಂದುಬಿಡು, ಊರಿನ ಬಾಯಿ ಮುಚ್ಚುತ್ತದೆ ಎಂದು ಅವ್ವನ ಬೆನ್ನು ಸವರಿದಳು. ಅವ್ವ ಹಗ್ಗ ಸುತ್ತುತ್ತ ಕೂತಿದ್ದಳು.

"ಒಂದ ಸುಳ್ಳ ಆಗಲೇ ಹೇಳೇನಿ ಅಕ್ಕಾ. ದೇವರ ಮುಂದ, ಮೈಕಿನ್ಯಾಗ. ಎರಡನೇದು ನನ್ನ ಬಾಯಾಗ ಬರೂದಿಲ್ಲ."

ಆ ಹೆಂಗಸು ಎದ್ದುಹೋದಳು. ಅಪ್ಪಾ ಮರುದಿನ ಬೇರೆ ಓಣಿಯಲ್ಲಿ ಆಹಾರ ತೆಗೆದುಕೊಂಡರಂತೆ. ಸಂಘ ಇನ್ನೂ ಕೆಲವು ದಿನ ಊರಲ್ಲಿತ್ತು, ಆಮೇಲೆ ಆರಗ ಎಂಬ ಊರಿನ ದಾರಿ ಹಿಡಿದು ಹೊರಟಿತು. ಅವರು ಮತ್ತೆ ನಮ್ಮ ಬಾಗಿಲ ಮುಂದೆ ನಿಲ್ಲಲಿಲ್ಲ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ಬಾಗಿಲಲ್ಲೇ. ಈಚೆಗೆ, ಅವ್ವ ಹೋಗಿ ಎಷ್ಟೋ ವರ್ಷವಾದ ಮೇಲೆ, ಸಾಂಗಲಿಯ ನನ್ನ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದಾಗ ಮೊಬೈಲಿಗೆ ಒಂದು ಫೋಟೋ ಬಂತು. ದೂರದ ಯಾವುದೋ ಕ್ಷೇತ್ರದಲ್ಲಿ ಅವರು ಸಲ್ಲೇಖನ ತೆಗೆದುಕೊಂಡು ದೇಹ ಬಿಟ್ಟಿದ್ದರು. ಸಮಾಜದ ಗುಂಪಿನಲ್ಲಿ ಎಲ್ಲರಿಗೂ ಬಂದ ಹಾಗೆ ನನಗೂ ಬಂದಿತ್ತು. ಕೆಳಗೆ ನೂರಾರು ಜನ ಕೈ ಮುಗಿದ ಚಿತ್ರ ಹಾಕಿದ್ದರು. ನಾನು ಏನು ಹಾಕಬೇಕೆಂದು ತಿಳಿಯದೆ ಫೋನು ಬೋರಲು ಹಾಕಿ ಕೆಲಸ ಮುಂದುವರಿಸಿದೆ. ನಿನ್ನದೇನೂ ಅಭ್ಯಂತರವಿಲ್ಲ ತಾನೇ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡೆದು ಉತ್ತರ ಕೊಡುತ್ತೇನೆ. ನನ್ನ ಗಂಡನಿಗೆ, ಕುಪವಾಡದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರಿಗೆ ಇದು ಹಟವೆಂದು ಕಂಡಿದೆ. ಇರಬಹುದು.

ಆದರೆ ನನಗೆ ಹೇಳಬೇಕಿರುವುದು ಆ ಉಪವಾಸದ ಮರುದಿನ ಬೆಳಗಿನದು. ಅವ್ವ ಎಂದಿನಂತೆ ಮಿಂದು, ಕುಂಕುಮ ಇಟ್ಟುಕೊಂಡು, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬಸದಿಗೆ ಹೊರಟಳು. ಓಣಿಯಲ್ಲಿ ನಮ್ಮನ್ನು ಕಂಡು ಜನ ಮಾತು ನಿಲ್ಲಿಸಿದರು. ಅವಳು ತಲೆ ತಗ್ಗಿಸಲಿಲ್ಲ, ನಡಿಗೆ ಬಿರುಸು ಮಾಡಲೂ ಇಲ್ಲ. ಬಸದಿಯ ಮೆಟ್ಟಿಲ ಹತ್ತಿರ ನಾನು ಕೈ ಬಿಡಿಸಿಕೊಂಡು ನಿಂತೆ. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದು ಅಲ್ಲಿ ಹೊರಗೆ ಬಂತು.

"ದೇವರು ನಿನಗ ಇಷ್ಟೆಲ್ಲಾ ಮಾಡ್ಯಾನ. ಇನ್ನೂ ಯಾಕ ನಂಬತಿ ಅವನ್ನ?"

ಅವ್ವ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಬಿಚ್ಚಿ, ಅರ್ಧ ಅಕ್ಕಿ ನನ್ನ ಬೊಗಸೆಗೆ ಹಾಕಿದಳು.

"ಬಿಟ್ಟ ಹೋಗೂದಿಲ್ಲಂತ ದೇವರು ಯಾವಾಗ ಹೇಳಿದ್ದ? ಹೇಳಿದವರು ನಿಮ್ಮ ಅಪ್ಪಾ."

ಅಷ್ಟು ಹೇಳಿ ಒಳಗೆ ಹೋದಳು. ನಾನು ಹಿಂದಿನಿಂದ ಹೋದೆ. ಅವಳು ಅಕ್ಕಿ ಹಾಕಿ, ಮಂಡಿಯೂರಿ, ಬಹಳ ಹೊತ್ತು ನೆಲಕ್ಕೆ ಹಣೆ ಹಚ್ಚಿದಳು. ನಾನು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದೆ, ಹಾಕಲಿಲ್ಲ, ಕೈ ಮುಗಿಯಲಿಲ್ಲ. ಅವಳು ಎದ್ದು ನನ್ನ ಮುಷ್ಟಿ ನೋಡಿದಳು. ಕೈ ಮುಗಿ ಅನ್ನಲಿಲ್ಲ.